ಫ್ಯಾಮಿಲಿ ಟ್ರಿಪ್‌ಗೆ ಜಾಗ ಆರಿಸೋ ಮುಂಚೆ ಹಿಂದಿನ ಸೀಟು ನೋಡಿ

ದಸರಾ ರಜೆ ಹತ್ತಿರ ಬಂತು ಅಂದ್ರೆ ಬೆಂಗಳೂರಿನ ಮನೆಮನೆಯಲ್ಲೂ ಇದೇ ಮಾತು: ಕಾರಲ್ಲಿ ಎಲ್ಲಿಗೆ ಹೋಗೋಣ? ರೀಲ್ಸ್‌ನಲ್ಲಿ ಒಂದು ಜಲಪಾತ ಕಂಡರೆ ಸಾಕು, ಮ್ಯಾಪ್‌ನಲ್ಲಿ ಕಿಲೋಮೀಟರ್ ನೋಡಿ ಬುಕ್ ಮಾಡಿಬಿಡ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಹಿಂದಿನ ಸೀಟಲ್ಲಿ ಕೂರೋ ಆರು ವರ್ಷದ ಮಗುವನ್ನ, ಪಕ್ಕದಲ್ಲಿರೋ ಮಂಡಿನೋವಿನ ಅಜ್ಜಿಯನ್ನ. ಅವರಿಬ್ಬರಿಗೆ ಒಗ್ಗೋ ಜಾಗ ಮನೆಯ ಎಲ್ಲರಿಗೂ ಒಗ್ಗುತ್ತೆ.

ಎರಡು ರಾತ್ರಿಯ ಪ್ರವಾಸವಾದರೆ ಹೋಗೋಕೆ ಐದು ಗಂಟೆ, ತಿಂಡಿ-ಕಾಫಿ ಸೇರಿ. ಅದಕ್ಕಿಂತ ದೂರ ಬೇಡ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆ ಸಾಕು ನಿಜ, ಆದರೆ ಶುಕ್ರವಾರ ಸಂಜೆ ಹೆಬ್ಬಾಳದಿಂದ ಹೊರಟವರಿಗೆ ಕೆಂಗೇರಿ ದಾಟೋ ಹೊತ್ತಿಗೇ ಸುಸ್ತಾಗಿರುತ್ತೆ. ಶನಿವಾರ ಬೆಳಗ್ಗೆ ಐದೂವರೆಗೆ ಹೊರಡೋದು ವಾಸಿ. ಇನ್ನು ಕೊನೆಯ ದಾರಿ. ಸಕಲೇಶಪುರ ಸುಮಾರು 220 ಕಿ.ಮೀ., ಊರಿನವರೆಗೂ ಹೈವೇ. ಅಲ್ಲಿಂದ ಒಳಗಿನ ಹೋಂಸ್ಟೇಗೆ 25 ಕಿ.ಮೀ. ಅಂದರೆ ಒಂದು ಗಂಟೆ ಬೇಕು, ಕೊನೆಯ ಎರಡು ಕಿ.ಮೀ. ಕಾಫಿ ತೋಟದ ಮಣ್ಣುರಸ್ತೆ. ಜೀಪಿನ ಚಕ್ರ ಓಡಿ ಓಡಿ ಎರಡು ಕಡೆ ಗುಂಡಿ, ನಡುವೆ ದಿಬ್ಬ. ಐದು ಜನ, ಡಿಕ್ಕಿ ತುಂಬ ಲಗೇಜು ಇರೋ ಹ್ಯಾಚ್‌ಬ್ಯಾಕ್‌ನ ಹೊಟ್ಟೆ ಆ ದಿಬ್ಬಕ್ಕೆ ಉಜ್ಜುತ್ತೆ. ದುಡ್ಡು ಕಳಿಸೋ ಮುಂಚೆ ಫೋನ್ ಮಾಡಿ ಕೇಳಿ: ನಮ್ಮ ಕಾರು ಅಂಗಳದವರೆಗೂ ಬರುತ್ತಾ? ರೂಮಿಗೆ ಎಷ್ಟು ಮೆಟ್ಟಿಲು? ವೆಸ್ಟರ್ನ್ ಕಮೋಡ್ ಇದೆಯಾ? ಬಿಸಿನೀರು ಹೇಗೆ? ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದೆ ಅಂದರೆ ಆ ಮನೆ ಬೇಡ. ಕಿಟಕಿ ಮುಚ್ಚಿದ್ದಾಗ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯೇ ಬರಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಬೀಳ್ತಾರೆ. ಟೆಂಟ್ ಒಳಗೆ ಚಳಿ ಕಾಯಿಸೋಕೆ ಕೆಂಡ ಇಟ್ಟುಕೊಳ್ಳೋದೂ ಇಷ್ಟೇ ಅಪಾಯ.

ಘಾಟಿ ದಾರಿಯಲ್ಲಿ ಮಕ್ಕಳು ವಾಂತಿ ಮಾಡೋದು ಹೊಟ್ಟೆಯ ದೋಷ ಅಲ್ಲ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿರುವು ಗೊತ್ತಾಗುತ್ತೆ, ಮೊಬೈಲ್ ನೋಡೋ ಕಣ್ಣಿಗೆ ಏನೂ ಅಲುಗಾಡಿದ ಹಾಗೆ ಕಾಣಲ್ಲ. ಈ ಎರಡು ಸುದ್ದಿ ಹೊಂದದೆ ಹೊಟ್ಟೆ ತೊಳಸುತ್ತೆ. ಹಾಗಾಗಿ ತಿರುವು ಶುರುವಾಗೋ ಮುಂಚೆಯೇ ಮೊಬೈಲ್ ಇಸ್ಕೊಳ್ಳಿ, ಮುಂದಿನ ರಸ್ತೆ ಕಾಣೋ ಹಾಗೆ ಕೂರಿಸಿ, ಕಿಟಕಿ ಸ್ವಲ್ಪ ಇಳಿಸಿ. ಮಸಾಲೆ ದೋಸೆ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ಕೊಡೋದಾದರೆ ಡಾಕ್ಟರನ್ನ ಕೇಳಿ, ಹೊರಡೋ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಆಚೆ ಬರುತ್ತೆ.

ಮೊದಲ ಸಲ ಕಾಡು ತೋರಿಸೋರಿಗೆ ನನ್ನ ಆಯ್ಕೆ ಬಿಳಿಗಿರಿರಂಗನ ಬೆಟ್ಟ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಸುಮಾರು 180 ಕಿ.ಮೀ. ಘಾಟಿ ದಾರಿ ಕೊನೆಯಲ್ಲಿ ಮಾತ್ರ. 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಕ್ಯಾತೇದೇವರಗುಡಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪ್ ಇದೆ, ಸಫಾರಿ ಅಲ್ಲಿಂದಲೇ. ಹುಲಿ ಕಾಣಲೇಬೇಕು ಅಂತ ಮಕ್ಕಳಿಗೆ ಆಸೆ ಹುಟ್ಟಿಸಬೇಡಿ; ಕಾಟಿ, ಕಡವೆ, ಸೋಲಿಗರ ಊರು, ರಂಗನಾಥನ ಗುಡಿ, ಎರಡು ದಿನಕ್ಕೆ ಬೇಕಾದಷ್ಟಾಯ್ತು. ಕತ್ತಲಾದ ಮೇಲೆ ಕಾಡಿನ ಗೇಟು ದಾಟೋಕೆ ಬಿಡಲ್ಲ, ಮಧ್ಯಾಹ್ನದ ಊಟಕ್ಕೇ ತಲುಪಿ.

ಊಟಿಗೆ ಹೋಗೋರು ಇ-ಪಾಸ್ (ಗಾಡಿ ಒಳಗೆ ಬಿಡೋಕೆ ಆನ್‌ಲೈನ್ ಅನುಮತಿ) ಮೊದಲೇ ಮಾಡಿಸಿಕೊಳ್ಳಿ, 2024ರ ಮೇ ತಿಂಗಳಿಂದ ಕಡ್ಡಾಯ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಜುಲೈ-ಆಗಸ್ಟ್‌ನಲ್ಲಿ ಶಿರಾಡಿ, ಚಾರ್ಮಾಡಿ ಕಡೆ ಗುಡ್ಡ ಕುಸಿಯುತ್ತೆ, ಮಕ್ಕಳು-ವಯಸ್ಸಾದವರನ್ನ ಕರ್ಕೊಂಡು ಆ ದಾರಿ ಬೇಡ.

ನೀರಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪವೂ ಸಡಿಲ ಬಿಡಲ್ಲ. ಮುತ್ತತ್ತಿ, ಸಂಗಮ, ಮೇಕೆದಾಟು ಕಡೆ ಕಾವೇರಿಯಲ್ಲಿ ಮುಳುಗಿ ಎಷ್ಟೊಂದು ಮನೆಯ ಮಕ್ಕಳು ಹೋಗಿದ್ದಾರೆ. ಮೇಕೆದಾಟಿನ ಬಂಡೆಗಳನ್ನ ಹತ್ತಿರದಿಂದ ನೋಡಿ: ಒರಳುಕಲ್ಲಿನ ಹಾಗೆ ದುಂಡಗೆ, ನುಣ್ಣಗೆ ಕೊರೆದ ಗುಳಿಗಳು. ಹರಿವಿಗೆ ಸಿಕ್ಕ ಕಲ್ಲು ಸುತ್ತಿ ಸುತ್ತಿ ಕೊರೆದದ್ದು. ಅಂಥವೇ ನೀರಿನ ಕೆಳಗೂ ಇವೆ. ಮೊಣಕಾಲುದ್ದ ಅಂತ ಒಂದು ಹೆಜ್ಜೆ ಇಟ್ಟರೆ ಮುಂದಿನ ಹೆಜ್ಜೆಗೆ ತಳವೇ ಸಿಗಲ್ಲ. ಮೇಲೆಲ್ಲೋ ಮಳೆ ಬಿದ್ದರೂ, ಅಣೆಕಟ್ಟೆಯಿಂದ ನೀರು ಬಿಟ್ಟರೂ ಇಲ್ಲಿ ಏರುತ್ತೆ. ಈಜು ಬಂದರೂ ಇಳಿಯಬೇಡಿ. ಮಕ್ಕಳಿಗೆ ನೀರಾಟ ಬೇಕೇ ಬೇಕು ಅಂದರೆ ಈಜುಕೊಳ ಇರೋ ಜಾಗ ಹಿಡಿಯಿರಿ. ನದಿ ನೋಡಬೇಕು ಅಂದರೆ ರಂಗನತಿಟ್ಟಿನ ದೋಣಿ ಇದೆ. ಜನವರಿಯಿಂದ ಬೇಸಿಗೆವರೆಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ, ಕಲ್ಲಿನ ಮೇಲೆ ಮೊಸಳೆ ಬಿಸಿಲು ಕಾಯಿಸ್ತಾ ಮಲಗಿರುತ್ತೆ.

ಮಲೆನಾಡಿನ ಮಳೆಗಾಲಕ್ಕೆ ಇಂಬಳ, ಅಂದರೆ ಜಿಗಣೆ, ಇದ್ದದ್ದೇ. ಕಚ್ಚಿದರೆ ಕೀಳಬೇಡಿ, ಉಪ್ಪು ಹಾಕಿದರೆ ಉದುರುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲು ಮಾಡಿರೋದರಿಂದ ಸ್ವಲ್ಪ ಹೊತ್ತು ಸುರಿಯುತ್ತೆ, ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಿಜವಾಗಿ ಹೆದರಬೇಕಾದ್ದು ಉಣುಗಿಗೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆಯ ಕಾಲ. ಆಗ ಅಲ್ಲಿಗೆ ಹೋದರೆ ತುಂಬುತೋಳು, ಉದ್ದ ಪ್ಯಾಂಟು ಹಾಕಿಸಿ, ತರಗೆಲೆ ಮೇಲೆ ಕೂರಿಸಬೇಡಿ, ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳೋದನ್ನ ಮರೀಬೇಡಿ.

ಕಾರಿನದ್ದು ಬೇಗ ಹೇಳ್ತೀನಿ. ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಪೂರ್ತಿ ಲೋಡಿಗೆ ಎಷ್ಟು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಲ್ಲಿ ಬರೆದಿರುತ್ತೆ. ಸ್ಟೆಪ್ನಿಗೂ ಗಾಳಿ ಹೊಡೆಸಿ. ಘಾಟಿ ಇಳಿಯುವಾಗ ಎರಡನೇ ಗೇರಲ್ಲಿ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇದ್ದರೆ ಬಿಸಿಯಾಗಿ ಹಿಡಿತ ಹೋಗುತ್ತೆ. ಹತ್ತಿ ಬರೋ ಗಾಡಿಗೆ ದಾರಿ ಬಿಡಿ.

ವಾಪಸ್ ಬರೋ ಭಾನುವಾರ ತಿಂಡಿ ಮುಗಿಸಿ ಒಂಬತ್ತಕ್ಕೆಲ್ಲ ಹೊರಟುಬಿಡಿ. ಊಟ ಮಾಡಿಕೊಂಡು ಹೊರಟರೆ ಹಾಸನದ ಕಡೆಯಿಂದ ಬರೋರಿಗೆ ನೆಲಮಂಗಲದಲ್ಲೇ ಕತ್ತಲಾಗುತ್ತೆ, ಸೋಮವಾರ ಬೆಳಗ್ಗೆ ಸ್ಕೂಲ್ ಬಸ್ಸಿಗೆ ಮಗು ಏಳಲ್ಲ.