ಬುದ್ಧಿ ಹೇಳುವ ಚಟ ಬಿಡಿಸಿದ ಓದು

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕೌನ್ಸೆಲಿಂಗ್ ಓದಲು ಸೇರಿದ್ದೇನೆಂದು ಊರಿಗೆ ಫೋನ್ ಮಾಡಿ ತಿಳಿಸಿದ ದಿನ, ಹಾಸನದ ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಹಿರಿಯ ಮೇಷ್ಟ್ರು "ಯಾವ ಊರಿಗೆ ಹಾಕಿದ್ರು ಸ್ವಾಮಿ?" ಎಂದು ನಕ್ಕರು. ಅವರ ಪಾಲಿಗೆ ಕೌನ್ಸೆಲಿಂಗ್ ಎಂದರೆ ಶಿಕ್ಷಕರ ವರ್ಗಾವಣೆ. ಅಕ್ಕನಿಗೆ ಅದು ಸಿಇಟಿ ಸೀಟು ಹಂಚಿಕೆ. ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯನಿಗೆ, ಎಚ್‌ಐವಿ ಪರೀಕ್ಷೆಗೆ ಬಂದವರನ್ನು ಮೊದಲು ಕೂರಿಸಿ ಮಾತಾಡಿಸುವ ಐಸಿಟಿಸಿ ಕೊಠಡಿ. ಬಾಗಿಲ ಮೇಲೆ 'ಆಪ್ತ ಸಮಾಲೋಚಕರು' ಎಂಬ ಫಲಕವಿರುವುದರಿಂದ ಆ ಪದ ಕಂಡರೇ ಜನ ದೂರ ಸರಿಯುತ್ತಾರೆ ಎಂದು ಅವನು ಹೇಳುವುದುಂಟು. ಕೌನ್ಸೆಲಿಂಗಿಗೆ ಕನ್ನಡದಲ್ಲಿ ಸಮಾಲೋಚನೆ ಎನ್ನುತ್ತೇವೆ. ಕೂಡಿ ಆಲೋಚಿಸುವುದು ಎಂಬ ಇಷ್ಟು ಒಳ್ಳೆಯ ಅರ್ಥವಿರುವ ಆ ಮಾತಿಗೆ ನಮ್ಮ ಊರಿನಲ್ಲಿ ಇಂಥ ಗತಿ ಬಂದದ್ದು ಹೇಗೆ ಎಂಬುದಕ್ಕೆ ಉತ್ತರ, ಬಹುಮಟ್ಟಿಗೆ, ಅದನ್ನು ನಾವು ಕಲಿತ ರೀತಿಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

ಹಾಸನದಲ್ಲಿ ಬಿ.ಇಡಿ. ಮಾಡುವಾಗ ನಾನೂ ಅದನ್ನು ಓದಿದ್ದೆ. 'ಮಾರ್ಗದರ್ಶನಕ್ಕೂ ಸಮಾಲೋಚನೆಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ' ಎಂಬ ಐದು ಅಂಕದ ಪ್ರಶ್ನೆಗೆ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಐದು, ಬಲಕ್ಕೆ ಐದು ಅಂಶಗಳನ್ನು ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು. ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್ನಿನಲ್ಲಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದದ್ದು ಗೊತ್ತಿತ್ತು. ಸಮಾಲೋಚಕನಿಗೆ ನಿಷ್ಕಪಟತೆ, ಷರತ್ತಿಲ್ಲದ ಆದರ ಮತ್ತು ಪರಾನುಭೂತಿ ಇರಬೇಕೆಂದು ಕಾರ್ಲ್ ರೋಜರ್ಸ್ ಹೇಳಿದ್ದು ಬಾಯಿಪಾಠವಾಗಿತ್ತು. ಆದರೆ ಇಡೀ ಕೋರ್ಸಿನಲ್ಲಿ ಒಬ್ಬ ಹುಡುಗನನ್ನಾದರೂ ಎದುರಿಗೆ ಕೂರಿಸಿಕೊಂಡು ಅವನ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ಅದಾದ ಮೇಲೆ ಒಂಬತ್ತು ವರ್ಷ ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ನಾನು ಮಾಡಿದ್ದು ನನ್ನ ಮೇಷ್ಟ್ರು ನನಗೆ ಮಾಡಿದ್ದನ್ನೇ, ಅಂದರೆ ಸ್ಟಾಫ್ ರೂಮಿಗೆ ಕರೆದು, ಬೇರೆ ಮೇಷ್ಟ್ರುಗಳ ಎದುರಿನಲ್ಲೇ ಬುದ್ಧಿ ಹೇಳುವುದನ್ನು.

ಅಮೆರಿಕದಲ್ಲಿ ನಾನು ಸೇರಿದ ಸ್ನಾತಕೋತ್ತರ ಪದವಿ ಅರವತ್ತು ಕ್ರೆಡಿಟ್‌ಗಳದ್ದು. ಕೇಕ್‌ರೆಪ್ ಎಂಬ ಮಾನ್ಯತಾ ಮಂಡಳಿಯ ನಿಯಮದಂತೆ, ಪಾಠಗಳ ಜೊತೆಗೆ 100 ಗಂಟೆಗಳ ಪ್ರಾಕ್ಟಿಕಮ್, ಅಂದರೆ ಮೇಲ್ವಿಚಾರಣೆಯಲ್ಲಿ ಮಾಡುವ ಅಭ್ಯಾಸ, ಅದರಲ್ಲಿ ಕನಿಷ್ಠ 40 ಗಂಟೆ ನೇರವಾಗಿ ಜನರೊಡನೆ. ಆಮೇಲೆ 600 ಗಂಟೆಗಳ ಇಂಟರ್ನ್‌ಷಿಪ್, ಅದರಲ್ಲಿ 240 ಗಂಟೆ ನೇರವಾಗಿ. ಈ ಅಂಕಿಗಳಿಗಿಂತ ಮುಖ್ಯವಾದದ್ದೆಂದರೆ, ಆ ಗಂಟೆಗಳನ್ನು ಯಾರೋ ಒಬ್ಬರು ನೋಡುತ್ತಿರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಸಹಪಾಠಿಗಳೇ ಒಬ್ಬರಿಗೊಬ್ಬರು ಸಮಾಲೋಚಕರಾಗಿ ಕೂರಬೇಕು, ಇಪ್ಪತ್ತು ನಿಮಿಷದ ಮಾತುಕತೆಯನ್ನು ರೆಕಾರ್ಡ್ ಮಾಡಬೇಕು, ಆಮೇಲೆ ಅದನ್ನು ಪದ ಬಿಡದೆ, ಕೆಮ್ಮು ಮತ್ತು ಮೌನವನ್ನೂ ಬಿಡದೆ, ಬರೆದು ಒಪ್ಪಿಸಬೇಕು. ನನ್ನೆದುರು ಕೂತ ಸಹಪಾಠಿ ಏನು ಹೇಳಿದಳೆಂಬುದು ಇಲ್ಲಿ ಬೇಡ. ನಾನು ಹೇಳಿದ್ದನ್ನು ಮಾತ್ರ ಹೇಳುತ್ತೇನೆ. ನಾಲ್ಕನೆಯ ನಿಮಿಷಕ್ಕೆ ನನ್ನ ಮೊದಲ ಸಲಹೆ ಬಂದಿತ್ತು. ಆರು ಬಾರಿ 'ಯಾಕೆ' ಎಂದು ಕೇಳಿದ್ದೆ. ಹನ್ನೊಂದು ಕಡೆ ಅವಳ ಮಾತಿನ ಮೇಲೆ ನನ್ನ ಮಾತು ಹತ್ತಿತ್ತು. ಒಂದು ಕಡೆ ಅಂಚಿನಲ್ಲಿ ಪ್ರೊಫೆಸರ್ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದರು: "ಇಲ್ಲಿ ಆಕೆ ಉಸಿರೆಳೆದುಕೊಂಡಿದ್ದಾಳೆ. ನೀವು ಕಾಯಲಿಲ್ಲ." ತರಗತಿಯಲ್ಲಿ ಮೂರು ಸೆಕೆಂಡ್ ಸುಮ್ಮನಿದ್ದರೆ ಮೇಷ್ಟ್ರಿಗೆ ಪಾಠ ಬರುವುದಿಲ್ಲವೆಂದು ಮಕ್ಕಳು ತಿಳಿಯುತ್ತಾರೆಂಬ ಭಯದಲ್ಲೇ ಬೆಳೆದ ನಾಲಿಗೆ ನನ್ನದು. ಐದು ಅಂಕಕ್ಕೆ ಬರೆದ ವ್ಯತ್ಯಾಸ ನನಗೆ ನಿಜವಾಗಿ ತಿಳಿದದ್ದು ಆ ಪೆನ್ಸಿಲ್ ಗುರುತಿನಿಂದ.

ಹಾಗೆಂದು ಅಲ್ಲಿನದೆಲ್ಲ ಚಿನ್ನ ಎಂದಲ್ಲ. ಅಲ್ಲಿಯೂ ಈ ವಿದ್ಯೆ ಮಕ್ಕಳ ಮೇಲಿನ ಮಮತೆಯೊಂದರಿಂದಲೇ ಬೆಳೆದದ್ದಲ್ಲ. ರಷ್ಯನ್ನರು 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ, ವಿಜ್ಞಾನ ಮತ್ತು ಗಣಿತದಲ್ಲಿ ಚುರುಕಾದ ಮಕ್ಕಳನ್ನು ಹುಡುಕಿಸುವ ಅವಸರದಲ್ಲಿ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯ ಹಣ ಶಾಲಾ ಸಮಾಲೋಚಕರ ತರಬೇತಿಗೆ ಹರಿಯಿತು. ಇವತ್ತಿಗೂ 250 ಮಕ್ಕಳಿಗೆ ಒಬ್ಬ ಸಮಾಲೋಚಕ ಎಂಬ ಅಲ್ಲಿನ ವೃತ್ತಿಸಂಘದ ಶಿಫಾರಸನ್ನು ಬಹುಪಾಲು ರಾಜ್ಯಗಳು ಮುಟ್ಟಿಲ್ಲ. ನಮ್ಮ ಮೇಷ್ಟ್ರುಗಳು ಜನಗಣತಿಗೆ ಹೋಗುವಂತೆ ಅಲ್ಲಿನ ಸಮಾಲೋಚಕರು ಟೈಮ್‌ಟೇಬಲ್ ಹೊಂದಿಸುವುದರಲ್ಲಿ, ಪರೀಕ್ಷೆ ನಡೆಸುವುದರಲ್ಲಿ ದಿನ ಕಳೆಯುತ್ತಾರೆ.

ಅಲ್ಲಿನ ಪಾಠ ನನಗೆ ಒಗ್ಗದೆ ಹೋದದ್ದು ಭಾಷೆಯ ವಿಷಯದಲ್ಲಿ. ಭಾವನೆಗಳ ಹೆಸರುಗಳನ್ನು ಚಕ್ರದಂತೆ ಬರೆದ ಒಂದು ಚಿತ್ರಪಟವನ್ನು ಕೊಟ್ಟು, ನಿಮ್ಮ ತಾಯ್ನುಡಿಗೆ ತನ್ನಿ ಎಂದರು. ಅದರಲ್ಲಿದ್ದ ಹತ್ತಾರು ಪದಗಳ ಮುಂದೆ ನಾನು ಮತ್ತೆ ಮತ್ತೆ ಬರೆದದ್ದು 'ಬೇಜಾರು' ಎಂದೇ. ಪಾಠ ಹಿಡಿಸದಿದ್ದರೆ ಬೇಜಾರು, ಸಕಲೇಶಪುರದಲ್ಲಿ ಎಂಟು ದಿನ ಮಳೆ ಬಿಡದಿದ್ದರೆ ಬೇಜಾರು, ಗೆಳತಿ ಮಾತು ಬಿಟ್ಟರೆ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರೇ. ಇದನ್ನು ಭಾಷೆಯ ಬಡತನವೆಂದು ನಾನು ಒಪ್ಪುವುದಿಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಆಡದಿರುವುದು, ತಲೆ ಕೆಟ್ಟಿರುವುದು ಎಂದು ನಾವು ಮನಸ್ಸಿನ ನೋವನ್ನು ಮೈಯ ಮೂಲಕ ಹೇಳುವವರು. ಹಾಸನದಲ್ಲಿ ಸಮಾಲೋಚನೆ ಕಲಿಯುವ ವಿದ್ಯಾರ್ಥಿಗೆ ಆ ಚಕ್ರದ ಅನುವಾದವನ್ನು ಕೊಡುವುದಕ್ಕಿಂತ, "ಯಾವ ಥರದ ಬೇಜಾರು?" ಎಂದು ಕೇಳಿ ಉತ್ತರಕ್ಕೆ ಕಾಯುವುದನ್ನು ಕಲಿಸಿದರೆ ಹೆಚ್ಚು ಪ್ರಯೋಜನವಾದೀತು.

ಇನ್ನೊಂದು ತೊಡಕು ನೆಂಟಸ್ತಿಕೆಯದು. ತಟಸ್ಥವಾಗಿ ಉಳಿಯಲಾಗದಂಥ ನೆಂಟರು, ಸ್ನೇಹಿತರಿಗೆ ಸಮಾಲೋಚನೆ ಮಾಡಬಾರದೆಂಬುದು ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ನಿನ ನೀತಿಸಂಹಿತೆಯ ಮಾತು. ದೀಪಾವಳಿಗೆ ಊರಿಗೆ ಹೋದಾಗ, ಪಿಯುಸಿ ಓದುತ್ತಿದ್ದ ಮಗಳು ಊಟ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆಂದು ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ನೀನೇ ಒಂಚೂರು ಬುದ್ಧಿ ಹೇಳೋ, ಅದನ್ನೇ ಅಲ್ವಾ ನೀನು ಓದ್ತಿರೋದು?" ಎಂದಳು. ಸೋದರಮಾವನಾಗಿ ಆ ಕೆಲಸ ನನ್ನದಲ್ಲ ಎಂದರೆ ನಮ್ಮ ಕಡೆ ಯಾರಿಗೂ ಅರ್ಥವಾಗುವುದಿಲ್ಲ. ಹುಡುಗಿಯನ್ನು ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋದೆ. ಎರಡು ಸುತ್ತು ಹಾಕುವವರೆಗೆ ಇಬ್ಬರೂ ಮಾತಾಡಲಿಲ್ಲ. ಮೂರನೆಯ ಸುತ್ತಿನಲ್ಲಿ ಅವಳು ಕೇಳಿದ ಮೊದಲ ಮಾತು, "ಮಾಮ, ನಾನೇನಾದ್ರೂ ಹೇಳಿದ್ರೆ ಅಮ್ಮನ ಹತ್ರ ಹೇಳಲ್ಲ ತಾನೇ?" ಎಂಬುದು.

ಆ ಪ್ರಶ್ನೆ ಬರಿಯ ಮಗುವಿನ ಅಂಜಿಕೆಯಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಹುಂಡಿಗೆ ಕಾಣಿಕೆಯ ಜೊತೆ ಚೀಟಿಗಳೂ ಬೀಳುತ್ತವೆ: ಪರೀಕ್ಷೆಯಲ್ಲಿ ಪಾಸು ಮಾಡಿಸು, ಪ್ರೀತಿಸಿದವನ ಜೊತೆಯೇ ಮದುವೆ ಮಾಡಿಸು, ಅಪ್ಪನ ಕುಡಿತ ಬಿಡಿಸು. ಹುಂಡಿ ಎಣಿಕೆಯ ಮಾರನೆಯ ದಿನ ಆ ಚೀಟಿಗಳ ಫೋಟೊ ಪತ್ರಿಕೆ, ಟಿ.ವಿ.ಗಳಲ್ಲಿ ಬರುತ್ತದೆ, ಊರು ಓದಿ ನಗುತ್ತದೆ. ದೇವಿಗೆ ಬರೆದದ್ದೂ ಗುಟ್ಟಾಗಿ ಉಳಿಯದ ಊರಿನಲ್ಲಿ ಒಬ್ಬ ಹುಡುಗಿ ಶಾಲೆಯ ಸಮಾಲೋಚಕರ ಮುಂದೆ ಬಾಯಿ ಬಿಡಬೇಕಾದರೆ, ಗುಟ್ಟು ಕಾಯುವುದು ಸದ್ಗುಣವಾಗಿ ಇದ್ದರೆ ಸಾಲದು, ತರಬೇತಿಯಿಂದ ಬಂದ ಶಿಸ್ತಾಗಿರಬೇಕು. ಆ ಶಿಸ್ತಿಗೂ ಎಲ್ಲೆ ಇದೆ. ಜೀವಕ್ಕೆ ಅಪಾಯವಿದ್ದರೆ ಸುಮ್ಮನಿರಲಾಗದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಈ ಎಲ್ಲೆಯನ್ನು ಮೊದಲ ಭೇಟಿಯಲ್ಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದನ್ನು ಅಲ್ಲಿ ನಮ್ಮಿಂದ ಹತ್ತಾರು ಸಲ ಹೇಳಿಸಿ ಅಭ್ಯಾಸ ಮಾಡಿಸಿದರು, ಅವರ ಭಾಷೆಯಲ್ಲಿ. ಮಹಾರಾಜ ಪಾರ್ಕಿನಲ್ಲಿ ಅದನ್ನು ಕನ್ನಡದಲ್ಲಿ ಹೇಳಲು ಹೋಗಿ ನಾನು ಎರಡು ಸಲ ತಡವರಿಸಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ನೀಡಿದೆ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು. ಫಲಿತಾಂಶಕ್ಕಾಗಿ ಬೆಳಗ್ಗೆ, ಸಂಜೆ ವಿಶೇಷ ತರಗತಿ ನಡೆಸಬಲ್ಲ ಶಾಲೆಗಳು ಈ ನಿರ್ದೇಶನವನ್ನೂ ಪಾಲಿಸಿಯಾವು, ಆದರೆ ಹೇಗೆ? ಬಿಡುವಿನ ಪಿರಿಯಡ್ ಹೆಚ್ಚಿರುವ ಮೇಷ್ಟ್ರಿಗೆ ಹೆಚ್ಚುವರಿ ಹೊಣೆ ವಹಿಸಿ, ಕಡತದಲ್ಲಿ ಅವರ ಹೆಸರು ಬರೆದುಕೊಳ್ಳುವುದೇ ಸುಲಭದ ದಾರಿ. ಹಾಗಾದರೆ ಸ್ಟಾಫ್ ರೂಮಿನ ಬುದ್ಧಿವಾದಕ್ಕೆ ಒಂದು ಫಲಕ ಸಿಕ್ಕಂತಾಗುತ್ತದೆ, ಅಷ್ಟೇ.

ಅಲ್ಲಿನ ಪದವಿಯನ್ನು ಇಲ್ಲಿಗೆ ಹೊತ್ತು ತರುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಸೇವೆಯಲ್ಲಿರುವ ಶಿಕ್ಷಕರು, ಶಿಕ್ಷಕರಿಗೆ ತರಬೇತಿ ಕೊಡುವವರು ಮೊದಲಾದವರಿಗಾಗಿ ಎನ್‌ಸಿಇಆರ್‌ಟಿ ರೂಪಿಸಿರುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾದಲ್ಲಿ ಸ್ವಂತ ಊರಿನಲ್ಲೇ ಮಾಡುವ ಇಂಟರ್ನ್‌ಷಿಪ್ ಕೂಡ ಸೇರಿದೆ, ಮತ್ತು ಅದನ್ನು ನಡೆಸಿಕೊಂಡು ಬಂದ ಸಂಸ್ಥೆಗಳಲ್ಲೊಂದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಇನ್ನು ಯಾರೋ ಹಿಂದೆ ಕೂತು ನೋಡಿ ತಿದ್ದುವ ಪದ್ಧತಿಯಂತೂ ನಮಗೆ ಹೊಸದಲ್ಲ. ಬಿ.ಇಡಿ. ವಿದ್ಯಾರ್ಥಿ ಶಾಲೆಯಲ್ಲಿ ಅಭ್ಯಾಸಪಾಠ ಮಾಡುವಾಗ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕೂತು ಪಾಠಯೋಜನೆಯ ಪುಸ್ತಕದಲ್ಲಿ ಟಿಪ್ಪಣಿ ಬರೆಯುತ್ತಾರಲ್ಲ, ಅದು ಇದೇ. "ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ, ಧ್ವನಿ ಇನ್ನೂ ಜೋರಾಗಿರಲಿ" ಎಂದು ನನ್ನ ಪುಸ್ತಕದಲ್ಲಿ ಬರೆದದ್ದು ಇನ್ನೂ ನೆನಪಿದೆ. ಅದೇ ಪುಸ್ತಕದಲ್ಲಿ ನಾಲ್ಕು ಅಭ್ಯಾಸಪಾಠಗಳ ಬದಲು ನಾಲ್ಕು ಮಾತುಕತೆಗಳಿಗೆ ಜಾಗ ಕೊಡಬಹುದು: ಸಹಪಾಠಿಯ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪದ ಬಿಡದೆ ಬರೆದು, ಉಪನ್ಯಾಸಕರು ಓದಿದ ಮೇಲೆ ಅಳಿಸಿಹಾಕುವುದು. ಓದುವ ಉಪನ್ಯಾಸಕರಿಗೇ ಆ ತರಬೇತಿ ಇಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದುದರಿಂದ ಮೈಸೂರಿಗೆ ಮೊದಲು ಹೋಗಿಬರಬೇಕಾದವರು ಶಾಲೆಯ ಮೇಷ್ಟ್ರುಗಳಲ್ಲ, ಬಿ.ಇಡಿ. ಕಾಲೇಜಿನವರು.