ಗುರಿಯನ್ನು ಬೇಸಿಗೆ ರಜೆಗೆ ಕಟ್ಟಿಡಬೇಡಿ

"ಮಕ್ಕಳಿಗೆ ಒಮ್ಮೆ ರಜೆ ಸಿಗಲಿ, ಆಮೇಲೆ ಕೂತು ಓದುತ್ತೇನೆ." ಫೆಬ್ರವರಿ ಬಂತೆಂದರೆ ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಅಮ್ಮಂದಿರ ಬಾಯಲ್ಲಿ ಇದೇ ಮಾತು. ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ), ಸರಕಾರಿ ಕೆಲಸಕ್ಕಾಗಿ ಕೇರಳ ಪಿಎಸ್‌ಸಿ ಪರೀಕ್ಷೆಯ ತಯಾರಿ, ಮದುವೆಯಾದಾಗ ಅರ್ಧಕ್ಕೆ ನಿಂತ ಪದವಿ, ಹೊಲಿಗೆ, ಸಂಗೀತ, ಎಲ್ಲದಕ್ಕೂ ಏಪ್ರಿಲ್-ಮೇ ತಿಂಗಳೇ ಮುಹೂರ್ತ. ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಮಕ್ಕಳಿಗೆ ರಜೆ ಅಂದರೆ ಅಮ್ಮನಿಗೆ ಓವರ್‌ಟೈಮ್. ನಿಮ್ಮ ಗುರಿಗೆ ಜಾಗ ಇರುವುದು ಶಾಲೆ ನಡೆಯುವ ದಿನಗಳಲ್ಲಿ. ರಜೆಯಲ್ಲಿ ಅದು ಬಾಡದ ಹಾಗೆ ನೋಡಿಕೊಂಡರೆ ಸಾಕು.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 200 ಶಾಲಾ ದಿನ. ದಿನಕ್ಕೆ 45 ನಿಮಿಷವೆಂದರೂ 150 ಗಂಟೆ. ಜ್ವರ, ನೆಂಟರು, ಕರೆಂಟ್ ಇಲ್ಲ, ಕೆಲಸದವಳು ಬಂದಿಲ್ಲ ಎಂದು ಮೂರರಲ್ಲಿ ಒಂದು ಪಾಲು ಕೈಬಿಟ್ಟರೂ 100 ಗಂಟೆ ಉಳಿಯುತ್ತದೆ. ಕೆ-ಟೆಟ್ ಒಂದನೇ ಕೆಟಗರಿಯಲ್ಲಿ ತಲಾ 30 ಅಂಕದ ಐದು ಭಾಗಗಳು: ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರ, ಗಣಿತ, ಪರಿಸರ ಅಧ್ಯಯನ, ಎರಡು ಭಾಷೆ. ಮೊದಲ ಭಾಷೆಯಾಗಿ ಕನ್ನಡವನ್ನೇ ತೆಗೆದುಕೊಳ್ಳಬಹುದು. ಒಂದೊಂದು ಭಾಗಕ್ಕೆ 20 ಗಂಟೆ ಸಿಕ್ಕಿತಲ್ಲ! ಒಟ್ಟು 150ರಲ್ಲಿ ಸಾಮಾನ್ಯ ವರ್ಗಕ್ಕೆ ಬೇಕಾದದ್ದು 90, ಉತ್ತರ ತಪ್ಪಿದರೆ ಅಂಕ ಕಡಿಯುವುದೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಟಿಟಿಸಿ (ಶಿಕ್ಷಕ ತರಬೇತಿ) ಮಾಡಿದವರಿಗೆ ಇದು ಬೆಟ್ಟ ಅಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಈಗಾಗಲೇ ಕೆಲಸದಲ್ಲಿರುವ ಟೀಚರಮ್ಮಂದಿರೂ ಮತ್ತೆ ಟೆಟ್ ಪುಸ್ತಕ ಹಿಡಿಯುವಂತಾಗಿದೆ, ಅವರಿಗೂ ಇದೇ ಲೆಕ್ಕ.

ಇನ್ನು ರಜೆಯ ಲೆಕ್ಕ. 60 ದಿನ, ದಿನಕ್ಕೆ ಮೂರು ಗಂಟೆ, ಒಟ್ಟು 180. ಕಾಗದದ ಮೇಲೆ ಇದೇ ದೊಡ್ಡದು. ಆದರೆ ಆ ಮೂರು ಗಂಟೆ ಎಲ್ಲಿಂದ ಬರಬೇಕು? ಶಾಲೆ ಇರುವಾಗ ಬೆಳಿಗ್ಗೆ ಎಂಟೂವರೆಗೆ ಮನೆ ಖಾಲಿ. ಸರಕಾರಿ, ಅನುದಾನಿತ ಶಾಲೆಯಾದರೆ ಎಂಟನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟ ಅಲ್ಲೇ. ರಜೆಯಲ್ಲಿ ತಿಂಡಿ ಒಂಬತ್ತೂವರೆಗೆ ಶುರುವಾಗಿ ಹನ್ನೊಂದಕ್ಕೂ ಮುಗಿಯುವುದಿಲ್ಲ, ಒಂದಕ್ಕೆ ಊಟ, ನಾಲ್ಕಕ್ಕೆ "ಅಮ್ಮಾ, ತಿನ್ನಲು ಎಂತ ಉಂಟು?" ನಡುವೆ ಎರಡು ಜಗಳ ಬಿಡಿಸಬೇಕು.

ಕಾಸರಗೋಡಿನವರಿಗೆ ಇದರ ಮೇಲೆ ಇನ್ನೊಂದು ತಾಪತ್ರಯ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ನಮ್ಮ ತವರು, ನೆಂಟಸ್ತಿಕೆ ಅರ್ಧಕ್ಕರ್ಧ ಗಡಿಯ ಆಚೆ ಪುತ್ತೂರು, ಸುಳ್ಯ, ಮಂಗಳೂರಿನಲ್ಲೇ ಉಳಿಯಿತು. ಇಲ್ಲಿಯ ಮಕ್ಕಳಿಗೆ ಓಣಂಗೆ ಹತ್ತು ದಿನ, ಕ್ರಿಸ್‌ಮಸ್‌ಗೆ ಹತ್ತು ದಿನ. ಅಲ್ಲಿಯ ಮಕ್ಕಳಿಗೆ ದಸರಾ ರಜೆ. ನವರಾತ್ರಿಗೆ ಅತ್ತಿಗೆಯ ಮಕ್ಕಳು ಎರಡು ವಾರ ಇಲ್ಲಿ ಬಂದು ಕೂರುತ್ತಾರೆ, ನಮ್ಮ ಮಕ್ಕಳಿಗೆ ಎರಡು-ಮೂರು ದಿನ ಬಿಟ್ಟರೆ ಶಾಲೆ ಇರುತ್ತದೆ. ಓಣಂಗೆ ನಾವು ಹೋದರೆ ಅಲ್ಲಿ ಪರೀಕ್ಷೆಯೋ ಪಾಠವೋ ನಡೆಯುತ್ತಿರುತ್ತದೆ. ಎರಡೂ ಕಡೆ ಒಟ್ಟಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಾತ್ರ. ಹಾಗಾಗಿ ಉಪನಯನ, ಮದುವೆ, ದೇವಸ್ಥಾನದ ಬ್ರಹ್ಮಕಲಶ, ಭೂತಕೋಲ, ಅಜ್ಜನಮನೆ, ಪ್ರವಾಸ ಎಲ್ಲವೂ ಆ ಏಳು ವಾರಕ್ಕೆ ಬಂದು ಬೀಳುತ್ತವೆ. ಅದೇ ಏಳು ವಾರದಲ್ಲಿ ಪಿಎಸ್‌ಸಿ ರ‍್ಯಾಂಕ್ ಪಟ್ಟಿಗೆ ಓದುತ್ತೇನೆ ಎನ್ನುವುದು ಧೈರ್ಯವಲ್ಲ, ಕ್ಯಾಲೆಂಡರ್ ನೋಡದೆ ಆಡಿದ ಮಾತು.

ಆದ್ದರಿಂದ ಬೇಸಿಗೆ ರಜೆಯನ್ನು ಒಂದೇ ಮುದ್ದೆಯಾಗಿ ನೋಡಬೇಡಿ. ಇಲ್ಲಿ ಶಾಲೆ ಮುಚ್ಚುವುದು ಮಾರ್ಚ್ ಕೊನೆಗೆ, ಅಲ್ಲಿಯ ಮಕ್ಕಳು ಬಿಡುವಾಗುವುದು ಅದಾಗಿ ಹತ್ತು-ಹನ್ನೆರಡು ದಿನಕ್ಕೆ. ಈ ಸಂದಿಯ ದಿನಗಳೇ ಚಿನ್ನ. ನೆಂಟರು ಇನ್ನೂ ಬಂದಿಲ್ಲ, ಬಿಸುವಿಗೆ (ಏಪ್ರಿಲ್ ಮಧ್ಯದ ಹೊಸವರ್ಷದ ಹಬ್ಬ) ಇನ್ನೂ ಸಮಯ ಇದೆ. ಕಾಗದಪತ್ರದ ಕೆಲಸವೆಲ್ಲ ಈಗಲೇ ಮುಗಿಸಿ. ಮಗುವಿಗೆ 5 ಅಥವಾ 15 ತುಂಬಿದ್ದರೆ ಆಧಾರ್ ಬೆರಳಚ್ಚು ನವೀಕರಣ, ಹಲ್ಲಿನ ಡಾಕ್ಟರು, ಕಣ್ಣಿನ ಪರೀಕ್ಷೆ, ಯೂನಿಫಾರ್ಮಿನ ಅಳತೆ. ಆದಾಯ ಪ್ರಮಾಣಪತ್ರ, ಹಿಂದುಳಿದ ವರ್ಗದವರ ನಾನ್-ಕ್ರೀಮಿಲೇಯರ್ ಪ್ರಮಾಣಪತ್ರ ಮುಂತಾದವಕ್ಕೆ ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಸೇವೆಯ ಕೇಂದ್ರ) ಜೂನ್‌ನಲ್ಲಿ ಹೋದರೆ ಸಾಲು ಬಾಗಿಲಿನಾಚೆ ಇರುತ್ತದೆ. ಮಕ್ಕಳದ್ದಕ್ಕೆ ಹೋದಾಗ ನಿಮ್ಮದನ್ನೂ ಮಾಡಿಸಿಕೊಂಡು ಬನ್ನಿ, ನಿಮ್ಮ ಅರ್ಜಿಗೂ ಅದು ಬೇಕಾಗುತ್ತದೆ.

ಅರ್ಜಿ ಎಂದಾಗ ಒಂದು ಮಾತು. ಪಿಎಸ್‌ಸಿಗೆ ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷಾ ಕ್ಯಾಲೆಂಡರ್ ಬಂದ ಮೇಲೆ ನಿಗದಿತ ದಿನಗಳೊಳಗೆ ನಿಮ್ಮ ಪ್ರೊಫೈಲ್‌ಗೆ ಹೋಗಿ "ಕನ್ಫರ್ಮೇಶನ್" ಕೊಡಬೇಕು. ಕೊಡದಿದ್ದರೆ ಹಾಲ್ ಟಿಕೆಟ್ ಇಲ್ಲ, ಓದಿದ್ದೆಲ್ಲ ನೀರುಪಾಲು. ಇದು ತಪ್ಪುವುದು ಹೆಚ್ಚಾಗಿ ಮನೆಯಲ್ಲಿ ಜೆಂಬ್ರ (ಸಮಾರಂಭ) ಇರುವ ವಾರದಲ್ಲೇ. ತಿಂಗಳ 1 ಮತ್ತು 15ಕ್ಕೆ ಪ್ರೊಫೈಲ್ ನೋಡುವುದು ಎಂದು ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಪಿಎಸ್‌ಸಿಯಲ್ಲಿ ತಪ್ಪು ಉತ್ತರಕ್ಕೆ ಮೂರರಲ್ಲೊಂದು ಅಂಕ ಕಳೆಯುತ್ತಾರೆ ಎಂಬುದೂ ನೆನಪಿರಲಿ. ಕೆ-ಟೆಟ್‌ನ ಅಭ್ಯಾಸದಲ್ಲಿ ಎಲ್ಲದಕ್ಕೂ ಗುರುತು ಹಾಕಿ ಬರುವವರು ಇಲ್ಲಿ ಪೆಟ್ಟು ತಿನ್ನುತ್ತಾರೆ.

ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮುಂದುವರಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಅಲ್ಲಿ ವರ್ಷಕ್ಕೆರಡು ಬಾರಿ, ಜೂನ್ ಮತ್ತು ಡಿಸೆಂಬರಿನಲ್ಲಿ ಅಂತಿಮ ಪರೀಕ್ಷೆ. ಜೂನ್ ಪರೀಕ್ಷೆಯ ಓದು ಸರಿಯಾಗಿ ಈ ಏಳು ವಾರದ ನಡುವೆಯೇ ಬರುತ್ತದೆ. ಬರೆಯಬೇಕಾದ ಪತ್ರಿಕೆಗಳನ್ನು ಎರಡು ಸಲಕ್ಕೆ ಹಂಚಿಕೊಳ್ಳಲು ಅವಕಾಶ ಇರುವಾಗ ಸಮಸಮ ಮಾಡುವುದೇಕೆ? ಹೆಚ್ಚಿನವನ್ನು ಡಿಸೆಂಬರಿಗೆ ಇಡಿ, ಜೂನ್‌ಗೆ ಒಂದೋ ಎರಡೋ ಸಾಕು. ಜೂನ್‌ನಿಂದ ನವೆಂಬರ್‌ವರೆಗೆ ಮಳೆ, ಶಾಲೆ, ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಶುಭಕಾರ್ಯ ಇಲ್ಲ. ಓದಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಈಗ ಅಡುಗೆಮನೆ. ನಿತ್ಯದ ಅಡುಗೆ ಸಮಯ ತಿನ್ನುವುದು ನಿಜ, ಆದರೆ ಅದಕ್ಕೊಂದು ಪದ್ಧತಿ ಮಾಡಬಹುದು. ಅಕ್ಕಿ ಮೂರು ಲೋಟಕ್ಕೆ ಉದ್ದು ಒಂದು ಲೋಟ ರುಬ್ಬಿದರೆ ನಾಲ್ಕು ಜನರಿಗೆ ಎರಡು ಬೆಳಗಿನ ದೋಸೆ. ಏಪ್ರಿಲ್ ಸೆಕೆಗೆ ಆರೇಳು ಗಂಟೆಯಲ್ಲಿ ಉಕ್ಕಿ ಹುಳಿ ಹೊಡೆಯುತ್ತದೆ, ಹಾಗಾಗಿ ಮಲಗುವ ಮುಂಚೆ ರುಬ್ಬಿ. ಜುಲೈಯಲ್ಲಿ ಹನ್ನೆರಡು ಗಂಟೆಗೂ ಏಳುವುದಿಲ್ಲ, ಸಂಜೆಯೇ ರುಬ್ಬಿ ಬಚ್ಚಲೊಲೆಯ ಬಳಿ ಇಡಿ. ಎರಡು ತೆಂಗಿನಕಾಯಿ ತುರಿದು ದಿನಕ್ಕೊಂದು ಡಬ್ಬಿಯಂತೆ ಫ್ರೀಜರಿಗೆ ಹಾಕಿದರೆ ಬೆಳಗಿನ ಕಾಲು ಗಂಟೆ ಉಳಿಯುತ್ತದೆ. ಸಾಂಬಾರಿನ ಮಸಾಲೆ ವಾರಕ್ಕಾಗುವಷ್ಟು ಹುರಿದು ಪುಡಿ ಮಾಡಿಡುವಾಗ ತೆಂಗಿನಕಾಯಿ ಮಾತ್ರ ಸೇರಿಸಬೇಡಿ, ಕಮಟು ವಾಸನೆ ಬರುತ್ತದೆ.

ರಜೆಯನ್ನು ನುಂಗುವುದು ನಿತ್ಯದ ಅಡುಗೆಯಲ್ಲ, ವರ್ಷಾವಧಿ ಕೆಲಸಗಳು. ಹಲಸಿನ ಹಪ್ಪಳ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಮಾಂಬಳ (ಒಣಗಿಸಿದ ಮಾವಿನ ರಸ), ಸಂಡಿಗೆ. ಇವನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಆಟಿಯ ಗಂಜಿಗೆ ಹಪ್ಪಳ ಇಲ್ಲದಿದ್ದರೆ ಹೇಗೆ? ಮಾಡುವ ಕ್ರಮ ಬದಲಾಗಬೇಕು. ದಿನಕ್ಕೊಂದು ಹಲಸು ಎಂದು ನಾಲ್ಕು ದಿನ ಎಳೆದರೆ ನಾಲ್ಕು ದಿನವೂ ಹೋದ ಹಾಗೆ. ಮಕ್ಕಳು, ನೆಂಟರು ಸೇರಿರುವ ಒಂದೇ ದಿನದಲ್ಲಿ ಮುಗಿಸಿ.

ಹಿಂದಿನ ಸಂಜೆಯೇ ಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ ಬೇಳೆ (ಬೀಜ) ತೆಗೆದಿಡಬೇಕು. ಕೈಗೆ, ಕತ್ತಿಗೆ ತೆಂಗಿನೆಣ್ಣೆ. ಕಾಯಿ ಚೆನ್ನಾಗಿ ಬಲಿತಿರಬೇಕು, ಹಣ್ಣಿನ ಕಡೆಗೆ ತಿರುಗಿರಬಾರದು. ಸಿಹಿ ಇಳಿದ ಸೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕರಟುತ್ತದೆ, ಎಳೆಯದಾದರೆ ಅಂಚು ಸೀಳುತ್ತದೆ. ಬೆಳಿಗ್ಗೆ ಆರಕ್ಕೆ ಅಟ್ಟಿನಳಗೆಯಲ್ಲಿ ಹಬೆಗೆ ಇಡಿ, ನೀರಿನಲ್ಲಿ ಬೇಯಿಸಬೇಡಿ. ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ಒಂದು ತೊಟ್ಟೂ ನೀರಿಲ್ಲದೆ ರುಬ್ಬಿ. ನೀರು ಸೇರಿದರೆ ಹಿಟ್ಟು ಪ್ಲಾಸ್ಟಿಕ್ ಹಾಳೆ ಬಿಟ್ಟು ಬರುವುದಿಲ್ಲ, ಅಲ್ಲಿಗೆ ಒಂದು ಗಂಟೆ ಹಾಳು. ಎಂಟಕ್ಕೆ ಎಲ್ಲರೂ ಚಾವಡಿಯಲ್ಲಿ ಸಾಲಾಗಿ ಕೂರಲಿ. ಆರೇಳು ವರ್ಷದವರು ನಿಂಬೆಗಾತ್ರದ ಉಂಡೆ ಕಟ್ಟಲಿ, ಹತ್ತು ದಾಟಿದವರು ಹಪ್ಪಳದ ಮಣೆ ಒತ್ತಲಿ, ಒಬ್ಬರು ಹಾಳೆಯಿಂದ ಬಿಡಿಸಿ ಚಾಪೆಗೆ ಹಾಕಲಿ. ಒಂಬತ್ತೂವರೆಯೊಳಗೆ ಚಾಪೆ ಬಿಸಿಲಿಗೆ ಹೋಗಬೇಕು, ಮಧ್ಯಾಹ್ನ ಒಮ್ಮೆ ಮಗುಚಬೇಕು. ಕಾಗೆ ಓಡಿಸುವ ಡ್ಯೂಟಿ ಸರದಿ ಪ್ರಕಾರ ಮಕ್ಕಳಿಗೆ. ಏಪ್ರಿಲ್ ಕಳೆದರೆ ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟುವ ದಿನಗಳು ಹೆಚ್ಚು, ಅರೆಒಣಗಿದ ಹಪ್ಪಳಕ್ಕೆ ಹನಿ ಬಿದ್ದರೆ ಬೂಸಲು ಖಂಡಿತ. ಆ ದಿನ ಮಧ್ಯಾಹ್ನಕ್ಕೆ ಗಂಜಿ, ಚಟ್ನಿ, ಮಜ್ಜಿಗೆ ಎಂದು ಮೊದಲೇ ಘೋಷಿಸಿಬಿಡಿ. ಹಪ್ಪಳದ ದಿನ ಪಾಯಸ ಕೇಳುವ ಭಾವನವರಿಗೆ ಮಣೆ ಕೊಟ್ಟು ಕೂರಿಸಿ.

ಹೇಳಿಕೆಗಳ (ಆಮಂತ್ರಣಗಳ) ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪ್ರತಿ ಜೆಂಬ್ರಕ್ಕೂ ಮನೆಮಂದಿಯೆಲ್ಲ ಹೋಗಬೇಕಾಗಿಲ್ಲ. ಕಾಗದ ಬಂದ ದಿನವೇ ಅದರ ಮೇಲೆ ಹೋಗುವವರ ಹೆಸರು ಬರೆದು ಗೋಡೆ ಕ್ಯಾಲೆಂಡರಿಗೆ ಸಿಕ್ಕಿಸಿ: ಒಡಹುಟ್ಟಿದವರ ಮನೆಯದಾದರೆ ಎಲ್ಲರೂ, ಗಂಡನ ಸಹೋದ್ಯೋಗಿಯದಾದರೆ ಗಂಡ ಮಾತ್ರ. "ಮನೆಯವರು ಬರಲಿಲ್ಲವಾ?" ಎಂದು ಯಾರಾದರೂ ಕೇಳುತ್ತಾರೆ. "ಅವಳಿಗೆ ಓದಲಿಕ್ಕೆ ಉಂಟು" ಎಂದು ಹೇಳಲು ಗಂಡನಿಗೆ ಅಭ್ಯಾಸ ಮಾಡಿಸಬೇಕು. "ಅವಳಿಗೆ ಹುಷಾರಿಲ್ಲ" ಎಂದರೆ ಸಂಜೆಯೊಳಗೆ ಹತ್ತು ಫೋನ್ ಬರುತ್ತವೆ, ಓದುವ ಹೊತ್ತು ಅದರಲ್ಲೇ ಹೋಗುತ್ತದೆ.

ಪ್ರವಾಸಕ್ಕೆ ರೈಲೇ ಆದರೆ ಬುಕಿಂಗ್ ತೆರೆಯುವುದು ಈಗ 60 ದಿನ ಮೊದಲು, ಹಿಂದಿನ 120 ದಿನದ ಲೆಕ್ಕ 2024ರ ನವೆಂಬರಿಗೆ ಮುಗಿಯಿತು. ಅಂದರೆ ಬಿಸು ಕಳೆದು ಹೊರಡುವವರು ಫೆಬ್ರವರಿ ಮಧ್ಯದಲ್ಲೇ ತೀರ್ಮಾನ ಮಾಡಿರಬೇಕು. ಹಟ್ಟಿಯಲ್ಲಿ ಹಾಲು ಕರೆಯುವ ದನ ಇದ್ದರೆ, ತೋಟಕ್ಕೆ ನೀರು ಬಿಡಲು ಇದ್ದರೆ ಎಲ್ಲರೂ ಒಟ್ಟಿಗೆ ಹೊರಡುವುದೇ ದೊಡ್ಡ ಸಾಹಸ. ಕರೆಯುವವರಿಗೆ, ಸ್ಪ್ರಿಂಕ್ಲರ್ ತಿರುಗಿಸುವವರಿಗೆ ಸಂಬಳ ಮಾತಾಡಿ, ಹೊರಡುವ ಹಿಂದಿನ ದಿನ ಒಮ್ಮೆ ಅವರಿಂದಲೇ ಮಾಡಿಸಿ ನೋಡಿ. ಹೊಸ ಕೈಗೆ ಎಷ್ಟೋ ದನ ಹಾಲು ಇಳಿಸುವುದಿಲ್ಲ. ವಾಪಸು ಬಂದ ಮರುದಿನ ಏನೂ ಇಟ್ಟುಕೊಳ್ಳಬೇಡಿ, ಬಟ್ಟೆ ರಾಶಿಗೇ ಆ ದಿನ ಬೇಕು.

ರಜೆಯಲ್ಲಿ ಓದು ಪೂರ್ತಿ ನಿಲ್ಲಿಸಬೇಕೇ? ಬೇಡ, 20 ನಿಮಿಷ ಸಾಕು. ಹೊಸ ಪಾಠ ಬೇಡ, ಹಳೆಯ ಪ್ರಶ್ನೆಪತ್ರಿಕೆಯ 15 ಪ್ರಶ್ನೆ. ಹೊಸ ಪಾಠಕ್ಕೆ ಅಡ್ಡಿಯಿಲ್ಲದ ಮುಕ್ಕಾಲು ಗಂಟೆ ಬೇಕು. ಪ್ರಶ್ನೆಗಳನ್ನಾದರೆ ಮೂರು ಸಲ ಎದ್ದು ಹೋಗಿ ಬಂದರೂ ಮಾಡಬಹುದು. ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರು ಆಡಿಯೋ ಪಾಠ ಕೇಳಬಹುದು, ನಿಂತುಕೊಂಡು ಗಣಿತ ಮಾತ್ರ ಬೇಡ. ಬೆಳಗ್ಗೆ ನಾಲ್ಕೂವರೆಗೆ ಏಳಿ ಎಂಬ ಉಪದೇಶ ಎಲ್ಲ ಕಡೆ ಸಿಗುತ್ತದೆ. ರಾತ್ರಿ ಹತ್ತೂವರೆಗೆ ಊಟದ ಪಾತ್ರೆ ತೊಳೆದು ಮುಗಿಯುವ ಮನೆಯಲ್ಲಿ ಅದು ನಾಲ್ಕು ದಿನ ನಡೆದು ಐದನೇ ದಿನ ತಲೆನೋವಾಗುತ್ತದೆ. ಊಟದ ಹೊತ್ತನ್ನು ಎಂಟಕ್ಕೆ ತರಲು ಸಾಧ್ಯವಾದರೆ ಮಾತ್ರ ಆ ದಾರಿ.

ಮನೆಯಲ್ಲಿ ಕೇಳುವಾಗ "ಸ್ವಲ್ಪ ಓದಿಕೊಳ್ಳುತ್ತೇನೆ" ಎನ್ನಬೇಡಿ. ಆ "ಸ್ವಲ್ಪ"ವನ್ನು ಯಾರು ಬೇಕಾದರೂ ಕದಿಯಬಹುದು. "ಅತ್ತೆ, ಒಂಬತ್ತರಿಂದ ಒಂಬತ್ತೂಮುಕ್ಕಾಲರವರೆಗೆ ನಾನು ಮೇಲಿನ ಕೋಣೆಯಲ್ಲಿ ಇರುತ್ತೇನೆ. ಫೋನ್ ಬಂದರೆ ನೀವೇ ತೆಗೆಯಿರಿ, ಒಲೆಯಲ್ಲಿ ಏನೂ ಇಲ್ಲ" ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಹೇಳಿ. ಹೆಚ್ಚಿನ ಅತ್ತೆಯಂದಿರು ಒಪ್ಪುತ್ತಾರೆ. ಅವರಿಗೆ ಕಿರಿಕಿರಿಯಾಗುವುದು ಸೊಸೆ ಓದುವುದರಿಂದಲ್ಲ, ಎಷ್ಟು ಹೊತ್ತು ಎಂದು ಗೊತ್ತಿಲ್ಲದಿರುವುದರಿಂದ.

ಕೊನೆಗೆ ಪತ್ತನಾಜೆ. ಮೇ 24ರ ಸುಮಾರಿಗೆ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ನಿಲ್ಲುತ್ತದೆ, ಹೇಳಿಕೆಗಳೂ ಕಡಿಮೆ. ಅಲ್ಲಿಂದ ಶಾಲೆ ತೆರೆಯುವವರೆಗಿನ ವಾರವನ್ನು ಖಾಲಿ ಇಡಿ. ಕೊಡೆ, ರೈನ್‌ಕೋಟ್, ಪುಸ್ತಕದ ಬೈಂಡು, ಸೌದೆ ಒಳಗೆ ಹಾಕುವುದು, ಜೊತೆಗೆ ನಿಮ್ಮ ಜೂನ್‌ನ ಪಾಠಪಟ್ಟಿ. ಆ ಪಟ್ಟಿಯಲ್ಲಿ ಜೂನ್, ಜುಲೈಗೆ ವಾರಕ್ಕೆ ನಾಲ್ಕೇ ದಿನ ಬರೆಯಿರಿ. ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ರಜೆ ಘೋಷಿಸುವುದು ಹಿಂದಿನ ರಾತ್ರಿ, ಕೆಲವೊಮ್ಮೆ ಮಕ್ಕಳು ಯೂನಿಫಾರ್ಮ್ ಹಾಕಿದ ಮೇಲೆ. ಅಂಥ ದಿನಕ್ಕೆಂದೇ ಒಂದು ಹಳೆಯ ಪ್ರಶ್ನೆಪತ್ರಿಕೆ, ಮಕ್ಕಳಿಗೆ ಒಂದು ಬಣ್ಣದ ಪೆಟ್ಟಿಗೆ ಬೇರೆಯಾಗಿ ತೆಗೆದಿಟ್ಟಿರಿ. ಕರೆಂಟ್ ಹೋಗಿಯೇ ಹೋಗುತ್ತದೆ, ಪ್ರಶ್ನೆಪತ್ರಿಕೆ ಫೋನಿನಲ್ಲಿ ಬೇಡ, ಪ್ರಿಂಟ್ ತೆಗೆಸಿ ಇಡಿ.