ಇಂಡಿಯಾನಾ ಜೋನ್ಸ್‌ಗೆ ನೋವೇ ಆಗದ ಸಿನಿಮಾ

ಮೊನ್ನೆ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ಅಕ್ಕನ ಮಗ ಮನೆಗೆ ಬಂದಿದ್ದ. ಹಲಸಿನ ಹಪ್ಪಳ ಕರಿದಿಟ್ಟುಕೊಂಡು ಎರಡು ದಿನದಲ್ಲಿ ಪ್ರಾಚೀನ ವಸ್ತು ಹುಡುಕುತ್ತಾ ಅಲೆಯುವ ಸಾಹಸಿ ಪ್ರೊಫೆಸರ್ ಇಂಡಿಯಾನಾ ಜೋನ್ಸ್‌ನ ಮೊದಲ ನಾಲ್ಕು ಸಿನಿಮಾ ಒಂದರ ಹಿಂದೆ ಒಂದು ನೋಡಿದೆವು. ಮೂರು ಮುಗಿಯುವವರೆಗೆ ಹುಡುಗ ಕೂತಲ್ಲಿಂದ ಅಲ್ಲಾಡಲಿಲ್ಲ. ನಾಲ್ಕನೆಯದರಲ್ಲಿ ಗಾಡಿ ಸಮೇತ ಮೂರು ಜಲಪಾತ ಇಳಿಯುತ್ತಾರಲ್ಲ, ಆಗ "ಮಾವಾ, ಇವರಿಗೆ ಏನೂ ಆಗುವುದಿಲ್ಲ ಅಲ್ವಾ" ಎಂದವನೇ ಹಪ್ಪಳದ ಡಬ್ಬಿ ಹಿಡಿದುಕೊಂಡು ಒಳಗೆ ಹೋದ.

2008ರಿಂದ ನನ್ನ ಮನಸ್ಸಿನಲ್ಲಿ ಕೂತಿದ್ದ ಮಾತು ಅದೇ. ಆ ವರ್ಷ ಮೇ ಕೊನೆಗೆ ನಾವು ಮೂವರು ಗೆಳೆಯರು ಈ ನಾಲ್ಕನೆಯ ಸಿನಿಮಾಕ್ಕೆಂದೇ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸು ಹತ್ತಿದ್ದೆವು. ಮೂರನೆಯದು ಬಂದದ್ದು 1989ರಲ್ಲಿ. 19 ವರ್ಷ ಕಾದಿದ್ದೇವೆ! ಅದೇ ನಿರ್ದೇಶಕ ಸ್ಪೀಲ್‌ಬರ್ಗ್, ಕತೆಯ ಹಿಂದೆ ಅದೇ ಜಾರ್ಜ್ ಲ್ಯೂಕಾಸ್, ಅದೇ ಜಾನ್ ವಿಲಿಯಮ್ಸ್ ಸಂಗೀತ, ಇನ್ನೇನು ಬೇಕು ಅಂತ ಖುಷಿಯಲ್ಲಿ ಹೋದವರು ವಾಪಸ್ ಬರುವಾಗ ತಲಪಾಡಿ ದಾಟುವವರೆಗೆ ಬಾಯಿಬಿಡಲಿಲ್ಲ.

ಇಂಡಿಯಾನಾ ಅಂದರೆ ಇಂಡಿಯ ಪಾತ್ರ ಮಾಡುವ ಹ್ಯಾರಿಸನ್ ಫೋರ್ಡ್‌ಗೆ ವಯಸ್ಸಾಗಿತ್ತು, ಅದಕ್ಕೇ ಹಾಗಾಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರಿಗೆ ಆಗ ಹತ್ತಿರ ಹತ್ತಿರ 65. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮೂರಿನವರಿಗೆ ಗೊತ್ತು, ಎಪ್ಪತ್ತು ದಾಟಿದ ವೇಷಧಾರಿ ರಂಗಸ್ಥಳಕ್ಕೆ ಬಂದು ಸುಮ್ನೆ ಒಮ್ಮೆ ತಿರುಗಿ ನಿಂತರೆ ಸಾಕು, ಗಿರಗಿರ ಸುತ್ತಿ ಧೀಂಗಿಣ ಹಾಕಬೇಕಾಗಿಲ್ಲ. ವಯಸ್ಸಾದ ಇಂಡಿಯನ್ನು ವಯಸ್ಸಾದವನ ಹಾಗೆಯೇ ತೋರಿಸಬಹುದಿತ್ತು. ಸೊಂಟ ಹಿಡಿದುಕೊಳ್ಳಲಿ, ಏದುಸಿರು ಬಿಡಲಿ. ಅದು ಬಿಟ್ಟು ಅವನನ್ನು ಫ್ರಿಜ್ಜಿನೊಳಗೆ ಕೂರಿಸಿ, ಅಣುಬಾಂಬಿನ ಹೊಡೆತಕ್ಕೆ ಆಕಾಶಕ್ಕೆ ಹಾರಿಸಿದರು. ಫ್ರಿಜ್ಜು ಬೀಳುತ್ತದೆ, ಉರುಳುತ್ತದೆ, ಬಾಗಿಲು ತೆರೆಯುತ್ತದೆ, ಆತ ಹೊರಗೆ ಬರುತ್ತಾನೆ. ಹೆದರಿಕೆ ಅಲ್ಲಿಗೇ ಮುಗಿಯಿತು. ಸಿನಿಮಾ ಇನ್ನೂ ಒಂದೂವರೆ ಗಂಟೆ ಬಾಕಿ.

1981ರ ಮೊದಲ ಸಿನಿಮಾದಲ್ಲಿ ಅವನು ಓಡುವ ಟ್ರಕ್ಕಿನ ಅಡಿಯಲ್ಲಿ ನುಸುಳಿ, ಧೂಳಿನಲ್ಲಿ ಎಳೆಸಿಕೊಂಡು ಹೋಗುತ್ತಾನಲ್ಲ, ಟ್ರಕ್ಕಿನಡಿ ಹೋದದ್ದು ಟೆರ್ರಿ ಲೆನಾರ್ಡ್ ಎಂಬ ಸ್ಟಂಟ್ ಕಲಾವಿದ, ನಿಜವಾಗಿಯೂ. ನೋಡುವವರ ಬೆನ್ನು ಉರಿಯುತ್ತದೆ.

ನಮ್ಮ ತೋಟದ ಕೆಳಗಿನ ತೋಡಿಗೆ ಅಡಿಕೆಮರದ ಸಂಕ, ಅಂದರೆ ಕಾಲುಸೇತುವೆ ಇತ್ತು. ಎರಡೇ ಮರ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿತ್ತು, ಕೆಳಗೆ ಕೆಂಪು ನೀರು. ಶಾಲೆಗೆ ಹೋಗುವಾಗ ನಡುವಿಗೆ ಬಂದರೆ ಮೊಣಕಾಲು ತನ್ನಷ್ಟಕ್ಕೇ ನಡುಗುತ್ತಿತ್ತು. 1984ರದ್ದರಲ್ಲಿ ಇಂಡಿ ಹಗ್ಗದ ಸೇತುವೆಯ ಮಧ್ಯೆ ಸಿಕ್ಕಿಬೀಳುವಾಗ ನನಗೆ ಆ ಸಂಕವೇ ಕಣ್ಣಿಗೆ ಬಂತು. ಶ್ರೀಲಂಕಾದಲ್ಲಿ ನಿಜವಾದ ಸೇತುವೆ ಕಟ್ಟಿ ನಿಜವಾಗಿಯೇ ಬೀಳಿಸಿದ್ದರು. ಆ ಸಿನಿಮಾದಲ್ಲಿ ನಮ್ಮ ದೇಶದವರ ಊಟ ಅಂತ ಕೋತಿಯ ಮೆದುಳು ತೋರಿಸಿದ್ದು ಶುದ್ಧ ತಪ್ಪು, ಅದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಆದರೆ ಆ ಸೇತುವೆ, ಖಳನಾಗಿದ್ದ ಅಮರೀಶ್ ಪುರಿಯ ಆ ಕಣ್ಣು, ಇವತ್ತಿಗೂ ಮೈ ಜುಂ ಅನ್ನುತ್ತದೆ.

ನಾಲ್ಕನೆಯದರ ಕಾಡಿನಲ್ಲಿ ಹುಡುಗನೊಬ್ಬ ಕೋತಿಗಳ ಜೊತೆ ಬಳ್ಳಿ ಹಿಡಿದು ಜೋತಾಡುತ್ತಾ ಹೋಗುತ್ತಾನೆ. ಎಲ್ಲ ಕಂಪ್ಯೂಟರಿನದ್ದು, ಯಾವುದಕ್ಕೂ ತೂಕವೇ ಇಲ್ಲ. ಹಾಗಂತ ಸಿನಿಮಾ ಸೋಲಲಿಲ್ಲ, 78 ಕೋಟಿ ಡಾಲರಿಗೂ ಜಾಸ್ತಿ ದುಡ್ಡು ಮಾಡಿತು.

ಒಳ್ಳೆಯದೂ ಇತ್ತು. ಮೊದಲ ಸಿನಿಮಾದ ನಾಯಕಿ ಮರಿಯನ್ ಆಗಿ ಕ್ಯಾರೆನ್ ಅಲೆನ್ ವಾಪಸ್ ಬಂದು ನಗುವುದು. ಮರಳಿನಲ್ಲಿ ಹೂತುಹೋಗುತ್ತಿರುವ ಇಂಡಿಗೆ ಹಗ್ಗದ ಬದಲು ಹಾವು ಕೊಡುತ್ತಾರೆ, ಸಾಯುವಂತಿದ್ದರೂ ಅವನು ಅದನ್ನು ಮುಟ್ಟಲು ಒಪ್ಪುವುದಿಲ್ಲ, ಕೊನೆಗೆ "ಹಗ್ಗ" ಅಂತ ಹೇಳಿಸಿಕೊಂಡು ಹಿಡಿಯುತ್ತಾನೆ. ನಮ್ಮ ಇಂಡಿ ಅಂದರೆ ಅವನು, ಹೆದರುವವನು. ಅಂಥದ್ದು ಇನ್ನೂ ನಾಲ್ಕು ಜಾಗದಲ್ಲಿ ಇದ್ದಿದ್ದರೆ ನಾನು ಈ ಪೋಸ್ಟ್ ಬರೆಯುತ್ತಲೇ ಇರಲಿಲ್ಲ.

2023ರಲ್ಲಿ ಬಂದ ಐದನೆಯದರಲ್ಲೂ ಶುರುವಿಗೆ ಕಂಪ್ಯೂಟರಿನಲ್ಲಿ ಮುಖಕ್ಕೆ ಪ್ರಾಯ ತುಂಬಿದ್ದಾರೆ, ನನಗೆ ಹಿಡಿಸಲಿಲ್ಲ. ಆದರೆ ಅದರ ಕೊನೆಯನ್ನು ಅಕ್ಕನ ಮಗನಿಗೆ ತೋರಿಸಲೇಬೇಕು. ಮೊದಲ ಸಿನಿಮಾದ ಹಡಗಿನಲ್ಲಿ ಮೈಯೆಲ್ಲ ಗಾಯವಾಗಿ ಮಲಗಿದ ಇಂಡಿಯನ್ನು ಮರಿಯನ್ ಎಲ್ಲಿ ನೋವಿಲ್ಲ ಎಂದು ಕೇಳುತ್ತಾಳೆ, ಅವನು ಮೊಣಕೈ ತೋರಿಸುತ್ತಾನೆ. ಈಗ ಇಬ್ಬರಿಗೂ ಕೂದಲು ಬೆಳ್ಳಗಾಗಿದೆ. ಅದೇ ಪ್ರಶ್ನೆಯನ್ನು ಅವನು ಕೇಳುತ್ತಾನೆ. ಅವಳು ಮೊಣಕೈ ತೋರಿಸುತ್ತಾಳೆ.